ಶುಕ್ರವಾರದ ಬಸ್ಸಿಗೆ ಇಟಲಿಯ ಪಾರ್ಟಿ

ಸಾಲಿಹಾ ತರಲು ಹೇಳಿದ್ದು ಓಮ್ನಿ. ಈ ವಿಷಯದಲ್ಲಿ ಯಾರಿಗೂ ಸಂಶಯ ಬೇಡ. ಬೆಳಿಗ್ಗೆ ಚಹಾ ಕೊಡುವಾಗ ಹೇಳಿದ್ದಳು, ಗಂಡ ಚಪ್ಪಲಿ ಹಾಕುವಾಗ ಹೇಳಿದ್ದಳು, ಅವನು ಗೇಟು ದಾಟಿದ ಮೇಲೆ ಕಿಟಕಿಯಿಂದ ಕೂಗಿಯೂ ಹೇಳಿದ್ದಳು. ಅಬ್ದುಲ್ ರವೂಫ್ ಮೂರು ಸಲವೂ ತಲೆಯಾಡಿಸಿ ಮೂಡುಬಿದಿರೆಯ ಬಸ್ಸು ಹತ್ತಿದ. ಸಂಜೆ ತಿರುಗಿ ಬಂದದ್ದು ಇಟಲಿಯ ಕಾರಿನಲ್ಲಿ.

ರವೂಫನಿಗೆ ಬಂಟ್ವಾಳ ಪೇಟೆಯಲ್ಲಿ ಒಂದು ಅಂಗಡಿ. ಮಳೆಗಾಲದಲ್ಲಿ ಕೊಡೆ ಮಾರುತ್ತಿದ್ದ, ಉಳಿದ ಕಾಲದಲ್ಲಿ ಬ್ಯಾಗು. ಅವನ ತಮ್ಮಂದಿರು, ಭಾವಂದಿರು ಎಲ್ಲ ಗಲ್ಫಿನಲ್ಲಿದ್ದರು. ಅವನೂ ಒಮ್ಮೆ ಹೋಗಿದ್ದ. ಜೂನ್ ಬಂದರೂ ಆಕಾಶದಲ್ಲಿ ಒಂದು ಮೋಡ ಕಾಣದಿದ್ದಾಗ, ಮಳೆ ಬೀಳದ ಊರಿನಲ್ಲಿ ಕೊಡೆಯವನಿಗೆ ಏನು ಮರ್ಯಾದೆ ಎಂದು ತಿರುಗಿ ಬಂದಿದ್ದ. ಹಾಗಾಗಿ ಇಡೀ ಕುಟುಂಬದಲ್ಲಿ ಫಾರಿನ್ ಎಂದು ಹೇಳಿಕೊಳ್ಳಲು ಒಂದು ವಸ್ತುವೂ ಇಲ್ಲದ ಗಂಡಸು ಎಂದರೆ ಅವನೊಬ್ಬನೇ.

ವಾಹನ ನಿಜವಾಗಿ ಬೇಕಾದದ್ದು ಸಾಲಿಹಾಗೆ. ಅವಳು ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟು ಶಾಲಾ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಪಕ್ಕದ ಮನೆಯ ರಹ್ಮತ್ ಮತ್ತು ಇನ್ನಿಬ್ಬರು ಹೆಂಗಸರು ಅವಳ ಜೊತೆಗಿದ್ದರು. ಆ ವರ್ಷ ವೇಣೂರಿನ ಹತ್ತಿರದ ಒಂದು ಶಾಲೆಯವರು ಎಲ್ಲ ಮಕ್ಕಳ ಯೂನಿಫಾರ್ಮನ್ನೂ ಅವಳಿಗೇ ಒಪ್ಪಿಸಿದ್ದರು. ಅಷ್ಟು ದೊಡ್ಡ ಕೆಲಸ ಅವಳ ಕೈಗೆ ಬಂದದ್ದು ಅದೇ ಮೊದಲು. ಬಟ್ಟೆಯ ಗಂಟು ಹೊತ್ತು ಬಸ್ಸು ಹತ್ತಿದರೆ ಕಂಡಕ್ಟರ್ ಮುಖ ಸಿಂಡರಿಸುತ್ತಿದ್ದ. ಒಂದು ಸಲ ಅರ್ಧ ಡಜನ್ ಲಂಗ ಸಿದ್ಧಕಟ್ಟೆಯಲ್ಲಿ ಯಾರದೋ ಕೋಳಿಬುಟ್ಟಿಯ ಜೊತೆ ಇಳಿದು ಹೋಗಿದ್ದವು. ಆದ್ದರಿಂದಲೇ ಓಮ್ನಿ.

ಓಮ್ನಿ ಮಾರಾಟಕ್ಕಿದ್ದ ಮನೆಗೆ ರವೂಫ್ ಹೋದದ್ದೂ ನಿಜ. ಆದರೆ ಅದರ ಪಕ್ಕದ ಮನೆಯಲ್ಲಿ ನಿವೃತ್ತ ಲೆಕ್ಚರರ್ ಚಿದಾನಂದರು ಕಡುಹಸಿರು ಬಣ್ಣದ ಒಂದು ಸಣ್ಣ ಕಾರನ್ನು ಬೈರಾಸಿನಿಂದ ಒರೆಸುತ್ತಿದ್ದರು. ಮಗುವಿನ ತಲೆ ಒರೆಸುವ ಹಾಗೆ ಒರೆಸುತ್ತಿದ್ದರು.

"ಇದು ಯಾವುದು ಸರ್?" ಎಂದು ರವೂಫ್ ಕೇಳಿದ.

"ಇಟಲಿಯವರ ಕಾರು," ಎಂದರು ಚಿದಾನಂದರು. "ಇದನ್ನು ಎಲ್ಲರಿಗೂ ಕೊಡ್ಲಿಕ್ಕೆ ಆಗುವುದಿಲ್ಲ. ಅರ್ಥ ಮಾಡಿಕೊಳ್ಳುವವರು ಬೇಕು."

ರವೂಫನನ್ನು ಅರ್ಥ ಮಾಡಿಕೊಳ್ಳುವವನೆಂದು ಅಲ್ಲಿಯವರೆಗೆ ಯಾರೂ ಕರೆದಿರಲಿಲ್ಲ. ವ್ಯಾಪಾರ ಅಲ್ಲಿಗೇ ಮುಗಿಯಿತು. ಮಾತು ಮುಗಿದದ್ದು ಕೇಳಿ ಚಿದಾನಂದರ ಹೆಂಡತಿ ಪ್ರೇಮಾವತಿ ಒಳಗಿನಿಂದ ಒಂದು ಬಟ್ಟಲು ಪಾಯಸ ತಂದುಕೊಟ್ಟರು. ಕಾರು ಗೇಟು ದಾಟುವವರೆಗೆ ಕೈ ಮುಗಿದುಕೊಂಡೇ ನಿಂತಿದ್ದರು. ಎಷ್ಟು ಒಳ್ಳೆಯ ಜನ ಎಂದು ರವೂಫ್ ದಾರಿಯುದ್ದಕ್ಕೂ ನೆನೆದ.

ಸಾಲಿಹಾ ಅಂಗಳಕ್ಕೆ ಬಂದು ಕಾರನ್ನು ಒಂದು ಸುತ್ತು ಹಾಕಿದಳು. "ಓಮ್ನಿ ಎಲ್ಲಿ?"

"ಇದು ಇಟಲಿ."

"ಇಟಲಿಯ ಒಳಗೆ ಯೂನಿಫಾರ್ಮ್ ಹಿಡೀತದಾ?"

ರವೂಫ್ ಹಿಂದಿನ ಬಾಗಿಲನ್ನು ಮೇಲಕ್ಕೆತ್ತಿದ. ಹಿಂದಿನ ಸೀಟನ್ನು ಮಡಚಿದ. ಕಾರಿನ ಹೊಟ್ಟೆ ಒಂದು ಸಣ್ಣ ಕೋಣೆಯಷ್ಟು ತೆರೆದುಕೊಂಡಿತು. ಸಾಲಿಹಾ ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಅಗಲ ಅಳೆದಳು, ಉದ್ದ ಅಳೆದಳು, ಒಳಗೆ ಬಗ್ಗಿ ಎತ್ತರವನ್ನೂ ಅಳೆದಳು. ಆಮೇಲೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು, "ಹ್ಞೂಂ, ಎರಡು ಟ್ರಿಪ್ ಆಗ್ತದೆ," ಎಂದು ಒಳಗೆ ಹೋದಳು. ಹೊಲಿಗೆಯವರ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲವೆಂದು ತಿಳಿದಿದ್ದ ರವೂಫನಿಗೆ ತುಂಬ ಸಂತೋಷವಾಯಿತು.

ಆ ಕಾರು ಒಳ್ಳೆಯದೇ. ಆದರೆ ಅದಕ್ಕೆ ಅದರದ್ದೇ ಅಭ್ಯಾಸಗಳಿದ್ದವು. ಎಡಗಡೆಯ ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿತ್ತು. ಹಾರ್ನು ಆಡಿನ ಮರಿಯ ಹಾಗೆ ಕೂಗುತ್ತಿತ್ತು. ಸಿದ್ಧಕಟ್ಟೆಯ ಏರಿನಲ್ಲಿ ಬಿಸಿಯಾಗಿ ನಿಂತು ನೀರು ಕೇಳುತ್ತಿತ್ತು. ಅಲ್ಲಿನ ಮನೆಯವರು ದೂರದಿಂದಲೇ ಶಬ್ದ ಕೇಳಿ ಕೊಡಪಾನ ತುಂಬಿಸಿ ಇಡಲು ಶುರುಮಾಡಿದರು. ಒಂದು ದಿನ ಕಾರು ನಿಲ್ಲದೆ ಏರು ಹತ್ತಿ ಹೋದದ್ದಕ್ಕೆ ಮರುದಿನ ಆ ಮನೆಯ ಹೆಂಗಸು, "ನಿನ್ನೆ ಯಾಕೆ ಬರ್ಲಿಲ್ಲ?" ಎಂದು ಕೇಳಿದ್ದೂ ಉಂಟು. ರವೂಫ್ ಕಾರು ನಿಲ್ಲಿಸಿ ಎರಡು ಲೋಟ ನೀರು ಕುಡಿದು, ಕಾರಿಗೂ ಕುಡಿಸಿ, ಅವಳನ್ನು ಸಮಾಧಾನಪಡಿಸಿ ಮುಂದೆ ಹೋದ.

ಶಾಲೆ ಶುರುವಾಗಲು ಒಂದು ವಾರ ಇರುವಾಗ, ಮಹಮ್ಮದ್ ಕುಂಞಿಯವರ ಹೋಟೆಲಿನ ಎದುರು ರವೂಫ್ ಕ್ಲಚ್ ಒತ್ತಿದ. ಅದು ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಕಾರು ಅಲ್ಲೇ ನಿಂತಿತು.

ಬೆಳ್ತಂಗಡಿಯಿಂದ ಮೆಕ್ಯಾನಿಕ್ ಡೊಂಬಯ್ಯನನ್ನು ಕರೆಸಿದರು. ಡೊಂಬಯ್ಯನ ಜೀವಮಾನವೆಲ್ಲ ಜೀಪುಗಳ ಅಡಿಯಲ್ಲಿ ಕಳೆದಿತ್ತು. ಅವನು ಬಾನೆಟ್ಟು ಎತ್ತಿ, ಬೇರೆ ಭಾಷೆಯ ಪೇಪರ್ ಓದುವವನ ಹಾಗೆ ಬಹಳ ಹೊತ್ತು ನೋಡಿದ.

"ಜೀಪಾದ್ರೆ ನಾನು ಒಂದು ತಂತಿ ಕಟ್ಟಿ ಓಡಿಸ್ತಿದ್ದೆ," ಎಂದ.

"ಇದಕ್ಕೂ ಕಟ್ಟು ಮಾರಾಯ."

"ಇದು ಕಟ್ಟಿಸಿಕೊಳ್ಳುವ ಜಾತಿ ಅಲ್ಲ. ಕ್ಲಚ್ಚಿನ ಕೇಬಲ್ ಹೋಗಿದೆ. ಇದರದ್ದೇ ಪಾರ್ಟು ಬೇಕು. ಬೊಂಬಾಯಿಯಿಂದ ತರಿಸುವ."

ಊರಿನ ಜೀಪು, ಟೆಂಪೊಗಳನ್ನು ಬಾಡಿಗೆಗೆ ಕೇಳಿದರೆ ಒಂದೂ ಸಿಗುವ ಹಾಗಿರಲಿಲ್ಲ. ಮೇ ತಿಂಗಳು, ಎಲ್ಲ ಮದುವೆಗೆ ಬುಕ್ಕಾಗಿದ್ದವು. ಬೊಂಬಾಯಿಯಿಂದ ಪಾರ್ಟು ತರಿಸಿಕೊಡುವ ಮಂಗಳೂರಿನ ಅಂಗಡಿಗೆ ರವೂಫ್ ಅವಸರದಿಂದ ಫೋನು ಮಾಡಬೇಕಾಯಿತು. ಅವನ ಅಂಗಡಿಯ ಫೋನು ಆ ಬೇಸಿಗೆಯ ಸಿಡಿಲಿಗೆ ಸುಟ್ಟಿತ್ತು. ಹಾಗಾಗಿ ಕುಂಞಿಯವರ ಹೋಟೆಲಿನ ಕಾಯಿನ್ ಫೋನಿಗೆ ಬಂದ. ಅದೇ ಹೊತ್ತಿಗೆ ಕುಂಞಿಯವರು ಗೋಳಿಬಜೆ ಕರಿಯುತ್ತಿದ್ದರು. ಎಣ್ಣೆ ಚರಚರ ಎನ್ನುತ್ತಿತ್ತು. ಮುಂದೆ ನಡೆದದ್ದಕ್ಕೆಲ್ಲ ಆ ಎಣ್ಣೆಯೇ ಕಾರಣ ಎಂದು ಕುಂಞಿಯವರು ಇಂದಿಗೂ ವಾದಿಸುತ್ತಾರೆ.

"ಇಟಲಿಯ ಪಾರ್ಟು," ಎಂದು ರವೂಫ್ ಫೋನಿನಲ್ಲಿ ಹೇಳುತ್ತಿದ್ದ. ಬೊಂಬಾಯಿ ಎಂದು ಪೇಟೆಗೆ ಕೇಳುವ ಹಾಗೆ ಹೇಳಲು ಅವನಿಗೆ ಮನಸ್ಸಿರಲಿಲ್ಲ. "ಹೌದು, ಒರಿಜಿನಲ್ಲೇ ಬೇಕು. ಶುಕ್ರವಾರ ಸಂಜೆ ಬಸ್ಸಿಗಾ? ಆಯ್ತು. ನಾನೇ ನಿಂತು ಇಳಿಸಿಕೊಳ್ತೇನೆ."

ಫೋನು ಇಟ್ಟ ಕೂಡಲೇ ಕುಂಞಿಯವರು ಜಾಲರಿ ಸೌಟು ಹಿಡಿದುಕೊಂಡೇ ಕೇಳಿದರು. "ಇಟಲಿ ಪಾರ್ಟಿಯಾ?"

"ಮತ್ತೆ? ಇಟಲಿಯದ್ದೇ."

"ಬಂದರೆ ಎಷ್ಟು ಸಮಯ ಉಳೀತದೆ?"

"ಒರಿಜಿನಲ್ ಅಲ್ಲವಾ ಕುಂಞಾಕ. ಸರಿಯಾಗಿ ನೋಡಿಕೊಂಡ್ರೆ ಐದಾರು ವರ್ಷಕ್ಕೆ ತೊಂದರೆ ಇಲ್ಲ."

ಕುಂಞಿಯವರ ಸೌಟು ಗಾಳಿಯಲ್ಲೇ ನಿಂತಿತು. "ಐದಾರು ವರ್ಷ. ಅಷ್ಟು ಸಮಯ ಎಲ್ಲಿ ಇಡ್ತೀ?"

"ಅದಕ್ಕೆ ಜಾಗ ಉಂಟಲ್ಲ. ಗೇರಿನ ಹತ್ತಿರ, ಕೆಳಗೆ."

"ಎಣ್ಣೆಯದ್ದೆಲ್ಲ ಆಗ್ತದಾ?" ಎಂದು ಕುಂಞಿಯವರು ಬಾಣಲೆಯ ಗೋಳಿಬಜೆಯ ಕಡೆ ನೋಡಿ ಕೇಳಿದರು.

"ಎಣ್ಣೆ ಬೇಡ. ಗ್ರೀಸ್ ಸ್ವಲ್ಪ ಇದ್ದರೆ ಸಾಕು."

ಪೇಟೆಯಲ್ಲಿ ಪಾರ್ಟಿ ಎಂದರೆ ದೊಡ್ಡ ಗಿರಾಕಿ. ಬಂಟ್ವಾಳದಲ್ಲಿ ಗೇರು ಎಂದರೆ ಮೊದಲು ನೆನಪಾಗುವುದು ಗೇರುಬೀಜದ ಮರ. ಕಾರಿನ ಗೇರು ಆಮೇಲಿನದು. ರವೂಫನ ಮನೆಯ ಹಿಂದೆ ಒಂದು ದೊಡ್ಡ ಗೇರುಮರ ಇರುವುದು ಕುಂಞಿಯವರಿಗೆ ಗೊತ್ತಿತ್ತು. ಅದರ ಕೆಳಗೆ ಇಟಲಿಯವರನ್ನು ಐದಾರು ವರ್ಷ ಇಡುತ್ತಾನೆ ಎಂಬುದು ಅವರಿಗೆ ಸ್ವಲ್ಪ ಕಷ್ಟವಾಗಿ ಕಂಡಿತು. ಗ್ರೀಸಿನವರೂ ಸ್ವಲ್ಪ ಬರುತ್ತಾರೆ ಎಂಬುದನ್ನು ಮಾತ್ರ ಅವರು ಸಲೀಸಾಗಿ ನಂಬಿದರು. ಕೊಡೆ ಕೊಳ್ಳಲು ಅಷ್ಟು ದೂರದಿಂದ ಯಾರು ಬರುತ್ತಾರೆ? ಬರುವುದು ಸಾಲಿಹಾಳ ಹೊಲಿಗೆಗೇ ಇರಬೇಕು. ಸಂಜೆಯ ಗೋಳಿಬಜೆ ತಿಂದವರೆಲ್ಲ ಈ ಸುದ್ದಿಯನ್ನೂ ಕಟ್ಟಿಸಿಕೊಂಡು ಮನೆಗೆ ಹೋದರು.

ಮರುದಿನ ಬೆಳಿಗ್ಗೆ ವಾರ್ಡಿನ ಸದಸ್ಯ ತುಕ್ರಪ್ಪನವರು ಒಂದು ಲೋಡು ಕೆಂಪು ಜಲ್ಲಿ ತಂದು ರವೂಫನ ಮನೆಯ ಓಣಿಯ ಹೊಂಡಗಳಿಗೆ ಹಾಕಿಸತೊಡಗಿದರು. ಆ ಹೊಂಡಗಳ ಬಗ್ಗೆ ರವೂಫ್ ಅವರಿಗೆ ಪ್ರತಿ ಮಳೆಗಾಲದಲ್ಲೂ ಹೇಳುತ್ತಿದ್ದ.

"ಈಗ ಹೇಗೆ ನೆನಪಾಯ್ತು ತುಕ್ರಪ್ಪಣ್ಣ?"

"ಹೊರಗಿನಿಂದ ಬರುವಾಗ ನಮ್ಮ ವಾರ್ಡಿನ ಮರ್ಯಾದೆ ನೋಡ್ಬೇಕಲ್ಲ," ಎಂದರು ತುಕ್ರಪ್ಪನವರು.

ಕಾರಿನ ಒಂದು ಕೇಬಲಿಗೆ ವಾರ್ಡಿನವರು ಇಷ್ಟು ಗೌರವ ಕೊಡುತ್ತಾರೆಂದು ರವೂಫ್ ಭಾವಿಸಿರಲಿಲ್ಲ. "ನಿಮ್ಮ ಉಪಕಾರ ಮರೆಯುವುದಿಲ್ಲ," ಎಂದ.

ಬುಧವಾರ ಸಾಲಿಹಾಳ ಅಣ್ಣ ಅಬ್ದುಲ್ ರಹಿಮಾನ್ ಬಂದ. ದಮ್ಮಾಮಿನಿಂದ ರಜೆಯಲ್ಲಿ ಬಂದವನು, ಮೇ ತಿಂಗಳ ಆ ಸೆಖೆಯಲ್ಲಿ ಕೋಟು ಹಾಕಿಕೊಂಡಿದ್ದ. "ಭಾವ, ಮಾತಾಡುವುದನ್ನು ನನಗೆ ಬಿಡಿ. ನಮ್ಮ ಕಂಪೆನಿಯಲ್ಲಿ ಒಬ್ಬ ಇಟಲಿಯವ ಇದ್ದ. ನಾನು ಅವನ ಹಿಂದಿನ ಟೇಬಲ್ಲು," ಎಂದ. ರವೂಫನಿಗೆ ಅರ್ಥವಾಗಲಿಲ್ಲ. ಆದರೆ ಭಾವನನ್ನು ಬೇಸರಪಡಿಸುವುದು ಬೇಡವೆಂದು, "ಆಗಬಹುದು," ಎಂದ.

ಆದರೆ ಗುರುವಾರ ವೇಣೂರಿನಿಂದ ಬಂದ ನೋಣಯ್ಯನವರು ಸಂತೋಷದಲ್ಲಿರಲಿಲ್ಲ. ಅವರು ಆ ಶಾಲೆಯ ಸಮಿತಿಯ ಅಧ್ಯಕ್ಷರು, ಗದ್ದೆ, ರಬ್ಬರು ಇರುವ ಕೃಷಿಕರು, ಮಾತು ಕಡಿಮೆ. ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತು ರಾಶಿ ಬಿದ್ದ ನೀಲಿ ಬಟ್ಟೆಯನ್ನು ನೋಡಿದರು.

"ಟೈಲರಕ್ಕ, ಒಂದು ಮಾತು ಕೇಳಲಿಕ್ಕುಂಟು. ನಿಮಗೆ ಇಟಲಿಯ ಕೆಲಸ ಸಿಕ್ಕಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ನಮ್ಮ ಮಕ್ಕಳ ಚಡ್ಡಿ?"

"ಯಾವ ಇಟಲಿ?" ಎಂದಳು ಸಾಲಿಹಾ.

"ಸಮಿತಿಯಲ್ಲಿ ಮಾತಾಗಿದೆ. ಸೋಮವಾರ ಶಾಲೆ ಶುರು. ಅಷ್ಟರೊಳಗೆ ಆಗದಿದ್ದರೆ ಮಂಗಳೂರಿನ ರೆಡಿಮೇಡಿನವರಿಗೆ ಹೇಳುವ ಅಂತ. ನಾನು ತಡೆದಿದ್ದೇನೆ. ನಾಳೆ ನಾನೇ ಜೀಪಿನಲ್ಲಿ ಬಂದು ಆ ಇಟಲಿಯವರ ಹತ್ತಿರ ಕೇಳಿಕೊಳ್ತೇನೆ. ಮೊದಲು ನಮ್ಮ ಮಕ್ಕಳದ್ದು, ಆಮೇಲೆ ನಿಮ್ಮದು ಅಂತ. ಅವರಿಗೂ ಮಕ್ಕಳಿರಬಹುದು."

ಅವರು ಹೋದ ಮೇಲೆ ಸಾಲಿಹಾ ಮೆಷಿನ್ನಿನಿಂದ ಎದ್ದಳು. ಅಡಿಗೆಮನೆಯಲ್ಲಿ ಇಟಲಿಯವರಿಗೆಂದು ರಹ್ಮತ್ ಅಕ್ಕಿ ನೆನೆಹಾಕುತ್ತಿದ್ದಳು. ಅಂಗಳದಲ್ಲಿ ಅಣ್ಣ ಗೇರುಮರದ ಕೆಳಗೆ ಕುರ್ಚಿ ಹಾಕಿಸುತ್ತಿದ್ದ. ಅವರಿಬ್ಬರನ್ನು ಎರಡು ಪ್ರಶ್ನೆ ಕೇಳಿದ್ದೇ ಅವಳಿಗೆ ಎಲ್ಲವೂ ತಿಳಿಯಿತು. ಗಂಡನನ್ನು ಕರೆದಳು.

"ಕುಂಞಾಕನ ಹತ್ತಿರ ನೀವು ಏನು ಹೇಳಿದ್ದು?"

ರವೂಫ್ ಹೇಳಿದ. ಹೇಳುತ್ತಾ ಹೇಳುತ್ತಾ ಗೇರಿನ ಹತ್ತಿರ ಬಂದಾಗ ನಿಂತ. ಗ್ರೀಸಿನ ಹತ್ತಿರ ಬಂದಾಗ ಕುಳಿತ.

"ನಾನು ಒಂದು ಸುಳ್ಳೂ ಹೇಳ್ಲಿಲ್ಲ ಸಾಲಿ."

"ಹೇಳದೆಯೇ ಇಷ್ಟಾಗಿದೆ. ಈಗಲೇ ಹೋಗಿ ಯಾರೂ ಬರುವುದಿಲ್ಲ ಅಂತ ಹೇಳಿ."

ರವೂಫ್ ಹೊರಟ. ಓಣಿಯಲ್ಲಿ ಒಂದು ಹೊಂಡವೂ ಉಳಿದಿರಲಿಲ್ಲ. ಎಷ್ಟೋ ವರ್ಷಗಳ ನಂತರ ಆ ದಾರಿಯಲ್ಲಿ ಸ್ಕೂಲ್ ಬ್ಯಾಗು ಹೊತ್ತ ಮಕ್ಕಳು, ಮುದುಕರು ನೆಲ ನೋಡದೆ ನಡೆಯಬಹುದಿತ್ತು. ತುಕ್ರಪ್ಪನವರು ಬೆವರು ಒರೆಸಿಕೊಳ್ಳುತ್ತಾ, "ಸಾಕಾ ರವೂಫ್?" ಎಂದು ಕೇಳಿದರು. ಹೋಟೆಲಿನಲ್ಲಿ ಕುಂಞಿಯವರು ಅವನ ಕೈಗೆ ಚಹಾ ಕೊಟ್ಟು, ಪೈಸೆ ತೆಗೆದುಕೊಳ್ಳಲು ಒಪ್ಪಲಿಲ್ಲ. "ನಮ್ಮ ಪೇಟೆಯನ್ನು ಹುಡುಕಿಕೊಂಡು ಒಬ್ಬರು ಬರ್ತಾರಲ್ಲ ಮಾರಾಯ, ಅದೇ ದೊಡ್ಡದು," ಎಂದರು. ನೆರೆ ಬಂದಾಗ ಮಾತ್ರ ಜನ ನೋಡಲು ಬರುವ ಊರು ಅದು. ಕುಂಞಿಯವರ ಮುಖದಲ್ಲಿದ್ದ ಸಂತೋಷವನ್ನು ನೋಡಿದ ರವೂಫ್, ಚಹಾ ಚೆನ್ನಾಗಿದೆ ಎಂದಷ್ಟೇ ಹೇಳಿ ತಿರುಗಿ ಬಂದ.

"ಹೇಳಿದ್ರಾ?" ಎಂದಳು ಸಾಲಿಹಾ.

"ಶುರು ಮಾಡಿದ್ದೇನೆ," ಎಂದ ರವೂಫ್.

ಶುಕ್ರವಾರ ಸಂಜೆ ಬಸ್ಸು ನಿಲ್ಲುವಲ್ಲಿ ಹಬ್ಬದ ಹಾಗೆ ಜನ. ಕುಂಞಿಯವರು ಹೋಟೆಲು ಮುಚ್ಚಿ ಸೇವಂತಿಗೆಯ ಹಾರ ಹಿಡಿದು ನಿಂತಿದ್ದರು. ತುಕ್ರಪ್ಪನವರು ಇಸ್ತ್ರಿ ಹಾಕಿದ ಅಂಗಿಯಲ್ಲಿದ್ದರು. ರಹಿಮಾನ್ ಕೋಟಿನ ಒಳಗೆ ಬೇಯುತ್ತಿದ್ದ. ನೋಣಯ್ಯನವರು ಯಾರದೋ ಜೀಪು ಬೇಡಿ ತಂದಿದ್ದರು. ಬರಿಗೈಯಲ್ಲಿ ಕೇಳಿಕೊಳ್ಳುವುದು ಸರಿಯಲ್ಲವೆಂದು ಅದರಲ್ಲಿ ಒಂದು ದೊಡ್ಡ ಹಲಸಿನ ಹಣ್ಣು. ಡೊಂಬಯ್ಯನೂ ಬಂದಿದ್ದ. ರವೂಫ್ ದಂಪತಿಯನ್ನು ಬಿಟ್ಟರೆ ಪಾರ್ಟು ಬರುತ್ತದೆಂದು ನಿಜವಾಗಿ ತಿಳಿದು ಬಂದವನು ಅವನೊಬ್ಬನೇ. ಇಷ್ಟು ಜನ ಕೇಬಲ್ ನೋಡಲು ಬಂದದ್ದಕ್ಕೆ ಅವನಿಗೆ ಸ್ವಲ್ಪ ನಾಚಿಕೆಯಾಗುತ್ತಿತ್ತು.

ಬಸ್ಸು ಬಂತು. ಇಳಿದವರು ಇಬ್ಬರು ಮೀನು ಮಾರುವ ಹೆಂಗಸರು, ಒಬ್ಬ ಪೋಸ್ಟ್‌ಮ್ಯಾನ್. ಮತ್ತೆ ಕಂಡಕ್ಟರ್ ಚಕ್ಕುಲಿಯ ಹಾಗೆ ಸುತ್ತಿದ ಒಂದು ಕಟ್ಟನ್ನು ಹೊರಗೆ ಚಾಚಿದ.

"ರವೂಫ್ ಯಾರು? ಬೊಂಬಾಯಿಯಿಂದ ಪಾರ್ಟು."

ರವೂಫ್ ತೆಗೆದುಕೊಂಡ. ಬಸ್ಸು ಹೋಯಿತು. ಧೂಳು ಕೆಳಗಿಳಿಯಿತು.

"ಇದೇ," ಎಂದ ರವೂಫ್. "ಪಾರ್ಟಿ ಅಲ್ಲ ಕುಂಞಾಕ. ಪಾರ್ಟು. ಕಾರಿನ ಗೇರಿನ ಹತ್ತಿರ ಹಾಕುವಂಥದ್ದು."

"ಗ್ರೀಸಿನವರು?"

"ಅದು ಹಚ್ಚುವ ಗ್ರೀಸ್."

ಕುಂಞಿಯವರು ಹಾರವನ್ನು ನೋಡಿದರು. ತುಕ್ರಪ್ಪನವರು ಓಣಿಯ ಕಡೆ ನೋಡಿದರು. ಹಾಕಿದ ಜಲ್ಲಿಯನ್ನು ವಾಪಸು ತೆಗೆಯುವ ಕ್ರಮ ಇಲ್ಲವೆಂದು ಅವರಿಗೆ ನೆನಪಾಗಿರಬೇಕು. ಮೊದಲು ನಕ್ಕವರು ನೋಣಯ್ಯನವರು. ಯಾವಾಗಲೂ ನಗದವರು, ಜೀಪಿನ ಬಾನೆಟ್ಟು ಹಿಡಿದುಕೊಂಡು ನಕ್ಕರು. "ಹಾಗಾದರೆ ನಮ್ಮ ಮಕ್ಕಳ ಚಡ್ಡಿಗೆ ಅಡ್ಡಿ ಇಲ್ಲ," ಎಂದರು. ಆಮೇಲೆ ಪೇಟೆಯೇ ನಕ್ಕಿತು. ಕುಂಞಿಯವರು ಹಾರವನ್ನು ತಂದು, ಹೋಟೆಲಿನ ಎದುರು ಇನ್ನೂ ನಿಂತಿದ್ದ ಕಾರಿನ ಕನ್ನಡಿಗೆ ಹಾಕಿದರು. "ಇಟಲಿಯಿಂದ ಬಂದದ್ದು ಇದೊಂದೇ ಅಲ್ಲವಾ," ಎಂದರು.

ಅಷ್ಟರಲ್ಲಿ ಜನರ ಹಿಂದಿನಿಂದ ಸಾಲಿಹಾ ಮುಂದೆ ಬಂದಳು. ಕುತ್ತಿಗೆಯಲ್ಲಿ ಟೇಪು ಹಾಗೆಯೇ ಇತ್ತು.

"ಇಟಲಿಯವರಿಗೆಂದು ರಹ್ಮತ್ ಮಾಡಿದ ಪತ್ತಿರಿ ರೊಟ್ಟಿಯೂ ಕೋಳಿಸಾರೂ ಮನೆಯಲ್ಲಿ ಉಂಟು. ಎಲ್ಲರೂ ಬನ್ನಿ," ಎಂದಳು. ಮನೆಯ ಕಡೆ ತಿರುಗಿ, "ಅಂಗಿಗಳಿಗೆ ಗುಬ್ಬಿ ಹಾಕುವ ಕೆಲಸವೂ ಉಂಟು," ಎಂದಳು.

ಆ ಸಂಜೆ ಗೇರುಮರದ ಕೆಳಗೆ ಹಾಕಿದ ಕುರ್ಚಿಗಳು ವ್ಯರ್ಥವಾಗಲಿಲ್ಲ. ಕುಂಞಿಯವರು ಕನ್ನಡಕ ಹಾಕಿ ಸೂಜಿಗೆ ನೂಲು ಪೋಣಿಸಿದರು. ರಹಿಮಾನ್ ಕೊನೆಗೂ ಕೋಟು ಕಳಚಿ ಅಂಗಿಗಳನ್ನು ಮಡಚಿದ. ತುಕ್ರಪ್ಪನವರು ಹಾಕಿದ ಬಟನುಗಳನ್ನು ರಹ್ಮತ್ ಮೆಲ್ಲಗೆ ಬಿಚ್ಚಿ, ಅವರಿಗೆ ಗೊತ್ತಾಗದ ಹಾಗೆ ಪುನಃ ಹಾಕಿದಳು. ಆದಷ್ಟು ಗಂಟುಗಳನ್ನು ನೋಣಯ್ಯನವರ ಜೀಪಿಗೆ ತುಂಬಿಸಿದರು. ಹಲಸಿನ ಹಣ್ಣನ್ನು ಅಂಗಳದಲ್ಲೇ ಕೊಯ್ದರು. ಹೊಲಿಗೆ ಮುಗಿಯದ ಅರ್ಧ ಮಾತ್ರ ಉಳಿಯಿತು. ಮರುದಿನ ಡೊಂಬಯ್ಯ ಕೇಬಲ್ ಹಾಕಿದ. ಹಾಕಿ ಮುಗಿಸಿ, "ಜೀಪಿನಷ್ಟು ಗಟ್ಟಿ ಅಲ್ಲ, ಆದರೆ ಮರ್ಯಾದಸ್ಥ ಕಾರು," ಎಂದು ಒಪ್ಪಿಕೊಂಡ.

ಆದಿತ್ಯವಾರ ರವೂಫ್ ಮತ್ತು ಸಾಲಿಹಾ ಉಳಿದ ಗಂಟುಗಳನ್ನು ತುಂಬಿಕೊಂಡು ವೇಣೂರಿಗೆ ಹೋದರು. ಶಾಲೆಯ ಅಂಗಳದಲ್ಲಿ ಮಕ್ಕಳು, ಅಪ್ಪ ಅಮ್ಮಂದಿರು ಕಾಯುತ್ತಿದ್ದರು. ಸಾಲಿಹಾ ಒಬ್ಬೊಬ್ಬರಿಗೆ ಅಳತೆ ನೋಡಿ ಕೊಟ್ಟಳು. ಮಕ್ಕಳು ಮನೆಯ ಬಟ್ಟೆಯ ಮೇಲೆಯೇ ಹೊಸದನ್ನು ಹಾಕಿಕೊಂಡು ಓಡಾಡಿದರು. ನೋಣಯ್ಯನವರು ಸಾಲಿಹಾಳ ಎದುರು ಬಂದು ನಿಂತು, "ಬರುವ ವರ್ಷವೂ ನೀವೇ," ಎಂದರು. ಸಾಲಿಹಾ ಬೇರೆ ಕಡೆ ತಿರುಗಿ ಟೇಪನ್ನು ಸುತ್ತಿದಳು, ಬಿಚ್ಚಿದಳು, ಪುನಃ ಸುತ್ತಿದಳು.

ಹೊರಡುವಾಗ ಕಾರು ಹೊರಡಲಿಲ್ಲ. ವಾರವಿಡೀ ನಿಂತು ಬ್ಯಾಟರಿ ಇಳಿದಿತ್ತು, ಬೆಳಿಗ್ಗೆ ಒಮ್ಮೆ ಹೊರಡಿಸಿದ್ದೇ ಅದರ ಕೊನೆಯ ಶಕ್ತಿ. ಮಕ್ಕಳು ಹೋ ಎಂದು ದೂಡಲು ಓಡಿ ಬಂದರು. ಸಾಲಿಹಾ ಎರಡು ಕೈ ಅಗಲಿಸಿ ಅಡ್ಡ ನಿಂತಳು. "ಹೊಸ ಬಟ್ಟೆಯಲ್ಲಿ ಯಾರೂ ಮುಟ್ಟಬೇಡಿ." ಹಾಗಾಗಿ ದೊಡ್ಡವರು ಬಂದರು. ನೋಣಯ್ಯನವರು ಮುಂಡು ಎತ್ತಿ ಕಟ್ಟಿದರು. ಶಾಲೆಯ ಹೆಡ್‌ಮಾಸ್ತರು ವಾಚು ಬಿಚ್ಚಿ ಜೇಬಿಗೆ ಹಾಕಿದರು. ತಾಯಂದಿರು ಸೆರಗು ಸಿಕ್ಕಿಸಿದರು. ಸಾಲಿಹಾಳೂ ಹಿಂದೆ ಹೋಗಿ ಕೈ ಕೊಟ್ಟಳು.

ರವೂಫ್ ಸ್ಟೇರಿಂಗ್ ಹಿಡಿದು ಕನ್ನಡಿಯಲ್ಲಿ ನೋಡಿದ. ಇಷ್ಟು ಜನ ಅವನಿಗಾಗಿ ಬಗ್ಗಿ, ಉಸಿರು ಬಿಗಿಹಿಡಿದು, ಕೆಂಪಾಗಿ ದೂಡುತ್ತಿದ್ದರು. ಇವರಲ್ಲಿ ಅರ್ಧ ಜನರ ಹೆಸರು ಕೂಡ ಅವನಿಗೆ ಗೊತ್ತಿರಲಿಲ್ಲ. ಹುಟ್ಟಿಸಿದವನೇ ಬಲ್ಲ, ಅಲ್ಲಾಹನು ನನಗೆ ಎಂಥ ಜನರನ್ನು ಕೊಟ್ಟಿದ್ದಾನೆ ಎಂದು ಅವನ ಕಣ್ಣು ತುಂಬಿ ಬಂತು. ಕಾರು ಅಂಗಳ ದಾಟಿತು, ಗೇಟು ದಾಟಿತು, ಇಳಿಜಾರು ಮುಗಿದು ಡಾಮರು ರಸ್ತೆಗೆ ಬಂದು ಸುಮ್ಮನೆ ನಿಂತಿತು.

ಸಾಲಿಹಾ ಏದುಸಿರು ಬಿಡುತ್ತಾ ಕಿಟಕಿಗೆ ಬಂದಳು. ಗಂಡನ ಮುಖ ನೋಡಿದಳು. ಆಮೇಲೆ ಸ್ಟೇರಿಂಗಿನ ಕೆಳಗೆ ನೋಡಿದಳು.

"ಕೀ ತಿರುಗಿಸಿದ್ದೀರಾ?"

ರವೂಫ್ ಕಣ್ಣು ಒರೆಸಿಕೊಂಡ. "ಇಲ್ಲ. ಸಂತೋಷದಲ್ಲಿ ಮರೆತುಹೋಯ್ತು."

ಸಾಲಿಹಾ ಹಿಂದೆ ತಿರುಗಿದಳು. ಹೆಡ್‌ಮಾಸ್ತರು ಸೊಂಟ ಹಿಡಿದುಕೊಂಡು ನಿಂತಿದ್ದರು. ನೋಣಯ್ಯನವರು ಮೈಲಿಗಲ್ಲಿನ ಮೇಲೆ ಕುಳಿತಿದ್ದರು. ಅವಳು ತಗ್ಗಿದ ಧ್ವನಿಯಲ್ಲಿ, "ಈಗ ತಿರುಗಿಸಿ. ಯಾರಿಗೂ ಹೇಳಬೇಡಿ," ಎಂದಳು. ಮತ್ತೆ ಸೆರಗು ಸರಿಮಾಡಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಸ್ವಲ್ಪದರಲ್ಲಿ ತಪ್ಪಿತು. ಇನ್ನೊಮ್ಮೆ ದೂಡುವ."

ಅವರು ಎದ್ದು ಬಂದು, ಇನ್ನೊಮ್ಮೆ ದೂಡಿದರು.